ಮಾತಾಡಲು ಬಾಗಿಲಿರುವ ಒಂದು ಕೋಣೆ ಕೊಡಿ: ಉತ್ತರ ಕನ್ನಡ ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ,
ಕಾರವಾರ.

ನಮಸ್ಕಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಮ್ಮ ಜಿಲ್ಲೆಯ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಬಾಗಿಲು ಹಾಕಿಕೊಳ್ಳಲು ಬರುವ ಒಂದು ಸಣ್ಣ ಕೋಣೆ ಬೇಕು. ಅದರಲ್ಲಿ ಒಂದು ಮೇಜು, ಒಂದು ಕುರ್ಚಿ, ಮಧ್ಯದಲ್ಲಿ ಕೈಕೊಡದ ಇಂಟರ್ನೆಟ್, ಒಂದು ಹೆಡ್‌ಫೋನ್. ಮನಸ್ಸಿನ ನೋವನ್ನು ದೂರದ ಕೌನ್ಸೆಲರ್ ಜೊತೆ ಆನ್‌ಲೈನ್‌ನಲ್ಲಿ ಮಾತಾಡಬೇಕಾದವರಿಗೆ ವಾರದಲ್ಲಿ ಕೆಲವು ಗಂಟೆ ಆ ಕೋಣೆ ಸಿಗಬೇಕು. ಯಾರು ಬಂದರು, ಯಾಕೆ ಬಂದರು ಎಂದು ಯಾರೂ ಕೇಳಬಾರದು. ಇಷ್ಟೇ.

ಒಂದು ಒಳ್ಳೆಯ ಆಸ್ಪತ್ರೆಗಾಗಿ ವರ್ಷಗಟ್ಟಲೆ ಕೂಗುತ್ತಿರುವ ಜಿಲ್ಲೆ ನಮ್ಮದು. 2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ಗೇಟ್‌ನಲ್ಲಿ ಪಲ್ಟಿಯಾದಾಗ ಇಡೀ ಜಿಲ್ಲೆ ಬೀದಿಗಿಳಿದಿತ್ತು. ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ನಾವು ಓಡುತ್ತಲೇ ಇದ್ದೇವೆ. ಅದರ ನಡುವೆ ಮನಸ್ಸಿನ ಮಾತು ಎತ್ತುವುದು ಕೆಲವರಿಗೆ ಅತಿ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಎದೆ ಒಡೆದು ಹೋಗುವಂತೆ ಹೊಡೆದುಕೊಳ್ಳುತ್ತಿದೆ ಎಂದು ನಡುರಾತ್ರಿ ಬಾಡಿಗೆ ಕಾರು ಮಾಡಿಕೊಂಡು ಹೊರಡುವವರಲ್ಲಿ ಎಷ್ಟೋ ಜನರ ಹೃದಯಕ್ಕೆ ಏನೂ ಆಗಿರುವುದಿಲ್ಲ. ಇಸಿಜಿ ಸರಿ ಇರುತ್ತದೆ. ಗ್ಯಾಸ್ ಮಾತ್ರೆ ಬರೆದು ಕಳಿಸುತ್ತಾರೆ. ಹದಿನೈದು ದಿನಕ್ಕೆ ಮತ್ತೆ ಅದೇ ಕಾರು, ಅದೇ ರಸ್ತೆ.

ನಾನು ಕುಮಟಾ ತಾಲ್ಲೂಕಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ತವರು ಘಟ್ಟದ ಮೇಲೆ, ಶಿರಸಿ ಕಡೆ. ಹಾಗಾಗಿ ಕರಾವಳಿಯ ತಲೆಬಿಸಿಯೂ ಗೊತ್ತು, ಮಲೆನಾಡಿನದೂ ಗೊತ್ತು. ಕೆಳಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳು ಕೈಯಲ್ಲಿ ದುಡ್ಡಿಲ್ಲ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಮನೆಯಲ್ಲಿ ಜಗಳ ಜಾಸ್ತಿಯಾಗುವುದು ಆಗಲೇ. ಭಟ್ಕಳ, ಹೊನ್ನಾವರದ ಕಡೆ ಗಂಡ ಗಲ್ಫಿನಲ್ಲಿ, ಹೆಂಡತಿ ಅತ್ತೆ-ಮಾವನ ಜೊತೆ ಊರಲ್ಲಿ. ಮೇಲೆ ಹೋದರೆ ಅಡಿಕೆಗೆ ಕೊಳೆ, ಎಲೆಚುಕ್ಕೆ ರೋಗ. ಮಕ್ಕಳು ಬೆಂಗಳೂರಿನಲ್ಲಿ, ದೊಡ್ಡ ಮನೆಯಲ್ಲಿ ಇಬ್ಬರೇ ವಯಸ್ಸಾದವರು. ತೋಟ ನೋಡಿಕೊಂಡು ಊರಲ್ಲೇ ಉಳಿದ ಹುಡುಗರಿಗೆ ಹೆಣ್ಣು ಕೊಡುವವರಿಲ್ಲ. ಪ್ರತಿ ಮದುವೆಮನೆಯಲ್ಲೂ 'ನಿಂದು ಯಾವಾಗ' ಎಂಬ ಪ್ರಶ್ನೆ ಕೇಳಿ ಕೇಳಿ, ಮದುವೆಮನೆಗೇ ಹೋಗುವುದನ್ನು ಬಿಟ್ಟವರನ್ನು ನಾನು ಬಲ್ಲೆ. ಅವರು ಯಾರ ಹತ್ತಿರವೂ ಏನೂ ಹೇಳುವುದಿಲ್ಲ. ಸುಮ್ನೆ ಇರುತ್ತಾರೆ. ಆ ಸುಮ್ಮನಿರುವಿಕೆ ನೋಡಿದರೇ ಭಯವಾಗುತ್ತದೆ.

2024ರ ಜುಲೈ 16ನ್ನೂ ಮರೆಯುವಂತಿಲ್ಲ. ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮಣ್ಣಾಯಿತು. ಗಂಗಾವಳಿ ಉಕ್ಕಿ ಆಚೆ ದಡದ ಉಳುವರೆಯ ಮನೆಗಳೂ ಹೋದವು. ಮೂರು ವಾರ ಕಳೆಯುತ್ತಿದ್ದಂತೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಪರಿಹಾರ, ತನಿಖೆ, ಹೊಸ ರಸ್ತೆ ಎಂದು ಎಲ್ಲ ಮಾತಾದವು. ಆ ಮಳೆಗಾಲದ ನಂತರ ಜೋರು ಮಳೆ ಬಂದರೆ ನಿದ್ದೆ ಬಾರದ ಜನ ಗುಡ್ಡದ ಬುಡದ ಊರುಗಳಲ್ಲಿ ಇದ್ದಾರೆ. ಮಗುವನ್ನು ಸ್ಕೂಲಿನ ವ್ಯಾನು ಹತ್ತಿಸಿ, ಅದು ಮುಟ್ಟಿತು ಎಂದು ಫೋನು ಬರುವ ತನಕ ಅನ್ನ ಬಾಯಿಗಿಡದ ತಾಯಂದಿರಿದ್ದಾರೆ. ಇವರ್ಯಾರೂ ಹುಚ್ಚರಲ್ಲ. ಇವರಿಗೆ ಬೇಕಾಗಿರುವುದು ದೊಡ್ಡ ಆಸ್ಪತ್ರೆಯೂ ಅಲ್ಲ. ಕೇಳಲು ಕಲಿತ ಒಬ್ಬ ಮನುಷ್ಯರ ಜೊತೆ ಕೆಲವು ವಾರ ಮಾತು.

ಅಂಥ ಮಾತಿನಿಂದ ನನಗೆ ಒಳ್ಳೆಯದಾಗಿದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. ಅಪ್ಪ ತೀರಿಕೊಂಡ ಮೇಲೆ ನನಗೆ ಕ್ಲಾಸಿನಲ್ಲಿ ನಿಂತಲ್ಲೇ ಉಸಿರು ಕಟ್ಟಿದ ಹಾಗೆ ಆಗುತ್ತಿತ್ತು. ಕೈ ತಣ್ಣಗಾಗಿ, ಈಗಲೇ ಬೀಳುತ್ತೇನೆ ಅನ್ನಿಸುತ್ತಿತ್ತು. ಎಲ್ಲ ಪರೀಕ್ಷೆ ಆಯಿತು, ಏನೂ ಸಿಗಲಿಲ್ಲ. ಕೊನೆಗೆ ಗೆಳತಿಯೊಬ್ಬಳು ಬೆಂಗಳೂರಿನ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ನಂಬರು ಕೊಟ್ಟಳು. ವಾರಕ್ಕೊಮ್ಮೆ ಮುಕ್ಕಾಲು ಗಂಟೆ, ವಿಡಿಯೊ ಕಾಲ್, ಕನ್ನಡದಲ್ಲೇ ಮಾತು. ಅವರು ಬುದ್ಧಿ ಹೇಳಲಿಲ್ಲ. ಧೈರ್ಯ ತಂದುಕೊಳ್ಳಿ ಎನ್ನಲಿಲ್ಲ. ಉಸಿರು ಕಟ್ಟುವ ಮೊದಲು ಏನು ಯೋಚನೆ ಬಂತು, ಆಗ ಏನು ಮಾಡಿದಿರಿ, ಆಮೇಲೆ ಏನಾಯಿತು ಎಂದು ಒಂದೊಂದಾಗಿ ಕೇಳಿದರು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿದರು. ಹೆದರಿ ಬಿಟ್ಟುಬಿಟ್ಟಿದ್ದ ಜಾಗಗಳಿಗೆ ಸ್ವಲ್ಪ ಸ್ವಲ್ಪವಾಗಿ ಮತ್ತೆ ಹೋಗುವಂತೆ ಮಾಡಿದರು. ಹೆದರಿಕೆ ಬಂದಾಗ ಓಡದೆ ನಿಂತರೆ ಅದು ಏರಿ, ತಾನಾಗೇ ಇಳಿಯುತ್ತದೆ ಎಂದು ನನ್ನ ಮೈಗೇ ಗೊತ್ತಾಯಿತು. ಈಗ ಪಾಠ ಮಾಡುತ್ತಿದ್ದೇನೆ, ಚೆನ್ನಾಗಿದ್ದೇನೆ.

ಈ ದಾರಿಗೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಸಿಬಿಟಿ, ಎನ್ನುತ್ತಾರೆ. ಸ್ವೀಡನ್, ಆಸ್ಟ್ರೇಲಿಯಾದಂಥ ಕಡೆ ಇದನ್ನು ಇಂಟರ್ನೆಟ್ ಮೂಲಕ ಕೊಡಲು ಶುರು ಮಾಡಿ ಎರಡು ದಶಕ ದಾಟಿದೆ. ಸಾಧಾರಣ ಮಟ್ಟದ ಆತಂಕ, ಖಿನ್ನತೆಗೆ ಇದು ಎದುರು ಕೂತು ಮಾಡುವ ಥೆರಪಿಯಷ್ಟೇ ಕೆಲಸ ಮಾಡುತ್ತದೆ ಎಂದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಒಂದು ಷರತ್ತಿದೆ. ಹಿಂದೆ ಒಬ್ಬ ಮನುಷ್ಯ ಇರಬೇಕು. ಬರೀ ಆ್ಯಪ್ ಹಾಕಿಕೊಂಡು ತಾವೇ ಮಾಡಿಕೊಳ್ಳಲು ಹೊರಟವರು ಮಧ್ಯದಲ್ಲೇ ಬಿಡುವುದು ಜಾಸ್ತಿ. ನಮ್ಮ ಕಾಲೇಜಿನ ಮಕ್ಕಳು ಈಗ ರಾತ್ರಿ ಎರಡು ಗಂಟೆಗೆ ಎಐ ಚಾಟ್‌ಗಳ ಹತ್ತಿರ ದುಃಖ ಹೇಳಿಕೊಳ್ಳುತ್ತಾರೆ. ಅವರನ್ನು ನಾನು ಬೈಯುವುದಿಲ್ಲ. ಆ ಹೊತ್ತಿಗೆ ಕೇಳಲು ಬೇರೆ ಯಾರಿದ್ದಾರೆ? ಆದರೆ ಮಾತಿನ ನಡುವೆ ಒಬ್ಬ ಹುಡುಗ ಸುಮ್ಮನಾದರೆ ಆ ಮೌನಕ್ಕೆ ಏನರ್ಥ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಬೆಳಿಗ್ಗೆ ಅವನ ಮನೆಗೆ ಒಬ್ಬರನ್ನು ಕಳಿಸುವುದೂ ಅದರ ಕೈಯಲ್ಲಾಗುವುದಿಲ್ಲ.

ಗಂಡ-ಹೆಂಡಿರ ವಿಷಯದಲ್ಲಂತೂ ಆನ್‌ಲೈನ್ ಇಲ್ಲದಿದ್ದರೆ ಆಗದ ಕೆಲಸ ಆಗಿದ್ದನ್ನು ನೋಡಿದ್ದೇನೆ. ನನಗೆ ಪರಿಚಯದ ಒಂದು ಜೋಡಿ. ಅವನು ಗಲ್ಫಿನಲ್ಲಿ, ಇವಳು ಇಲ್ಲಿ. ಫೋನ್ ಎತ್ತಿದರೆ ದುಡ್ಡಿನ ಮಾತು, ಅದರಿಂದ ಅನುಮಾನದ ಮಾತು, ಅಲ್ಲಿಂದ ಅಳು. ಇಬ್ಬರೂ ಒಪ್ಪಿ ಒಬ್ಬ ಕೌನ್ಸೆಲರ್ ಹುಡುಕಿಕೊಂಡರು. ಒಂದೇ ಕಾಲ್‌ನಲ್ಲಿ ಮೂರು ಊರಿನಿಂದ ಮೂವರು. ಮೊದಲ ಬಾರಿಗೆ ಇವಳ ಮಾತು ಮುಗಿಯುವ ತನಕ ಅವನು ಕೇಳಿದ. ಅವನು ಅಲ್ಲಿ ಎಂಟು ಜನರ ಜೊತೆ ಒಂದೇ ಕೋಣೆಯಲ್ಲಿ ಮಲಗುತ್ತಾನೆ, ಅದಕ್ಕೇ ಪಿಸುಗುಟ್ಟಿ ಮಾತಾಡುತ್ತಾನೆ ಎಂದು ಇವಳಿಗೆ ಗೊತ್ತಾಗಿದ್ದೂ ಆಗಲೇ. ಇವಳು ಅದನ್ನು ಮುಚ್ಚುಮರೆ ಎಂದುಕೊಂಡಿದ್ದಳು. ಅವನು ಊರಿಗೆ ಬರುವ ತನಕ ಕಾದಿದ್ದರೆ ಆ ಮನೆ ಉಳಿಯುತ್ತಿತ್ತೋ ಇಲ್ಲವೋ.

ಈಗ ಕೋಣೆಯ ಮಾತಿಗೆ ಬರುತ್ತೇನೆ.

ಆನ್‌ಲೈನ್ ಥೆರಪಿ ಎಂದರೆ ಮನೆಯಲ್ಲೇ ಕೂತು ಮಾತಾಡುವುದು, ಎಷ್ಟು ಸುಲಭ ಎಂದು ಜಾಹೀರಾತಿನಲ್ಲಿ ಬರುತ್ತದೆ. ನಮ್ಮ ಮನೆಗಳನ್ನು ಅವರು ನೋಡಿಲ್ಲ. ನಮ್ಮ ಹಂಚಿನ ಮನೆಗಳಲ್ಲಿ ಒಳಗೋಡೆ ಮಾಡಿನ ತನಕ ಹೋಗುವುದಿಲ್ಲ. ಮಲಗುವ ಕೋಣೆಯಲ್ಲಿ ಆಡಿದ್ದು ಅಡುಗೆಮನೆಗೆ ಕೇಳುತ್ತದೆ. ಜಗುಲಿಯಲ್ಲಿ ಯಾವಾಗಲೂ ಒಬ್ಬರು ಇರುತ್ತಾರೆ. ಅತ್ತೆ ಅಲ್ಲೇ ಅವರೆಕಾಯಿ ಬಿಡಿಸುತ್ತಾ ಕೂತಿರುವಾಗ, ಅತ್ತೆಯಿಂದಲೇ ಬಂದ ನೋವನ್ನು ಸೊಸೆ ಹೇಳುವುದು ಹೇಗೆ? ಹುಡುಗ ತನ್ನ ಪ್ರೀತಿ ಮುರಿದ ಕಥೆಯನ್ನು ಅಪ್ಪ ಪಂಚಾಂಗ ನೋಡುತ್ತಿರುವ ಜಗುಲಿಯಲ್ಲಿ ಹೇಳುತ್ತಾನಾ? ಹೆಣ್ಣುಮಕ್ಕಳು ಫೋನ್ ಹಿಡಿದು ಬಾಗಿಲು ಹಾಕಿಕೊಂಡರೆ ಅದೇ ಒಂದು ಹೊಸ ಪಂಚಾಯಿತಿ.

ಇನ್ನು ನೆಟ್‌ವರ್ಕ್. ಜೋಯಿಡಾ, ಸಿದ್ದಾಪುರ, ಯಲ್ಲಾಪುರದ ಒಳಗಿನ ಊರುಗಳಲ್ಲಿ ಸಿಗ್ನಲ್ ಸಿಗುವುದು ಗುಡ್ಡದ ನೆತ್ತಿಯಲ್ಲಿ, ಇಲ್ಲವೇ ಬಸ್‌ಸ್ಟಾಪಿನ ಹತ್ತಿರ. ಕೊರೊನಾ ಕಾಲದಲ್ಲಿ ಮಕ್ಕಳು ಬೆಟ್ಟದ ಮೇಲೆ ಪ್ಲಾಸ್ಟಿಕ್ ಮಾಡು ಕಟ್ಟಿಕೊಂಡು ಕ್ಲಾಸ್ ಕೇಳಿದ್ದು ನಿಮಗೂ ಗೊತ್ತಿದೆ. ಪಾಠವನ್ನು ಹಾಗೆ ಕೇಳಬಹುದು. ಮನಸ್ಸು ಬಿಚ್ಚಿ ಅಳುವುದು ಬಸ್‌ಸ್ಟಾಪಿನಲ್ಲಿ ಆಗುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಹೇಳಲೇಬೇಕಾದ ಮಾತು ನಾಲಿಗೆಯ ತುದಿಗೆ ಬಂದಾಗ ಎದುರಿನವರ ಮುಖ ಪರದೆಯ ಮೇಲೆ ನಿಂತುಹೋಗುತ್ತದೆ. ಮತ್ತೆ ಸಂಪರ್ಕ ಸಿಕ್ಕಾಗ ಆ ಮಾತು ಒಳಗೆ ಹೋಗಿಬಿಟ್ಟಿರುತ್ತದೆ. ಇದು ನನಗೇ ಆಗಿದೆ. ಆಮೇಲೆ ಆ ಮಾತು ಹೊರಗೆ ಬರಲು ತಿಂಗಳು ಹಿಡಿಯಿತು.

ಹೊಡೆತ ತಿನ್ನುವ ಹೆಣ್ಣುಮಕ್ಕಳ ವಿಷಯ ಇನ್ನೂ ಗಂಭೀರ. ಕ್ಯಾಮೆರಾದ ಆಚೆ ಗಂಡ ನಿಂತು ಕೇಳುತ್ತಿದ್ದಾನೋ ಇಲ್ಲವೋ ಕೌನ್ಸೆಲರ್‌ಗೆ ಹೇಗೆ ತಿಳಿಯಬೇಕು? ತಿಳಿದವರು ಮೊದಲೇ ಹೌದು-ಅಲ್ಲ ಎಂದಷ್ಟೇ ಉತ್ತರಿಸುವ ಪ್ರಶ್ನೆ ಕೇಳಿ ಪರೀಕ್ಷಿಸುತ್ತಾರೆ. ಆದರೂ ಆ ಮನೆಯಲ್ಲಿ ಕೂತು ಆಡುವ ಮಾತು ಅಪಾಯದ ಮಾತೇ. ಅವಳಿಗೆ ಬೇಕಾದದ್ದು ಮನೆಯ ಹೊರಗಿನ ಒಂದು ಬಾಗಿಲು ಮತ್ತು ಮಹಿಳಾ ಸಹಾಯವಾಣಿ 181ರ ನಂಬರು.

ನೀವು ಹೇಳಬಹುದು: ಪಂಚಾಯತಿಯ ಕೋಣೆಗೆ ಹೋದರೆ ಊರಿಗೆಲ್ಲ ಗೊತ್ತಾಗುವುದಿಲ್ಲವೇ? ಗೊತ್ತಾಗುತ್ತದೆ, ಬಾಗಿಲಿಗೆ 'ಮಾನಸಿಕ ಆರೋಗ್ಯ' ಎಂದು ಬೋರ್ಡು ಹಾಕಿದರೆ. ಬೋರ್ಡು ಹಾಕಬೇಡಿ. ಅದೇ ಕೋಣೆಯಲ್ಲಿ ಇ-ಸಂಜೀವಿನಿಯಲ್ಲಿ ಡಾಕ್ಟರ್ ಹತ್ತಿರ ಮಾತಾಡುವವರು ಬರಲಿ. ಕೆಲಸದ ಇಂಟರ್‌ವ್ಯೂ ಇರುವ ಹುಡುಗಿ ಬರಲಿ. ವಿದೇಶದ ಮಗನ ಮುಖ ನೋಡಬೇಕಾದ ಅಜ್ಜ ಬರಲಿ. ಬ್ಯಾಂಕಿನವರು ವಿಡಿಯೊ ಕಾಲ್‌ನಲ್ಲಿ ಕೆವೈಸಿ ಕೇಳಿದವರೂ ಬರಲಿ. ಎಲ್ಲರೂ ಬರುವ ಕೋಣೆಗೆ ಒಬ್ಬರು ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ಸಮಯವನ್ನು ಫೋನಿನಲ್ಲೇ ಗೊತ್ತು ಮಾಡಿಕೊಳ್ಳುವಂತಿರಲಿ, ಪುಸ್ತಕದಲ್ಲಿ ಹೆಸರಿನ ಬದಲು ಒಂದು ಸಂಖ್ಯೆ ಇರಲಿ. ಕಿಟಕಿಗೆ ಪರದೆ, ಬಾಗಿಲಿಗೆ ಒಳಚಿಲಕ. ಹೊರಗೆ ಒಂದು ರೇಡಿಯೊ ಹಚ್ಚಿಟ್ಟರೂ ಸಾಕು, ಒಳಗಿನ ಮಾತು ಕೇಳುವುದಿಲ್ಲ.

ಹೊಸ ಕಟ್ಟಡ ಕೇಳುತ್ತಿಲ್ಲ. ಗ್ರಾಮ ಪಂಚಾಯತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅನೇಕ ಕಡೆ ಕಂಪ್ಯೂಟರ್ ಬಂದಿದೆ, ಇಂಟರ್ನೆಟ್ ಬಂದಿದೆ. ಅಲ್ಲೇ ಒಂದು ಮೂಲೆಗೆ ಪ್ಲೈವುಡ್ ಗೋಡೆ ಎತ್ತಿದರೂ ಆಗುತ್ತದೆ. ಅದಾಗದ ಕಡೆ ಆರೋಗ್ಯ ಉಪಕೇಂದ್ರ ಇದೆ, ಮಕ್ಕಳಿಲ್ಲದೆ ಮುಚ್ಚಿದ ಶಾಲೆಗಳ ಕೋಣೆಗಳಿವೆ. ಒಂದು ಯುಪಿಎಸ್ ಇಡಿ, ಮಳೆಗಾಲಕ್ಕೆ.

ಆ ಕೋಣೆಯಲ್ಲಿ ಕೂತು ಯಾರಿಗೆ ಫೋನ್ ಮಾಡಬೇಕು? ದುಡ್ಡಿಲ್ಲದವರಿಗೂ ದಾರಿ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ, ಮನಸ್ಸಿನ ಆರೋಗ್ಯಕ್ಕೆಂದೇ ಇರುವ ಸರ್ಕಾರದ ಟೆಲಿ ಮಾನಸ್ ಇದೆ. ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದರ ಹಿಂದೆ ನಿಂತಿರುವುದು ನಮ್ಮದೇ ಬೆಂಗಳೂರಿನ ನಿಮ್ಹಾನ್ಸ್. ಮೊದಲು ತರಬೇತಾದ ಕೌನ್ಸೆಲರ್ ಕೇಳುತ್ತಾರೆ. ಜಾಸ್ತಿ ಬೇಕಾದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಇಷ್ಟು ಒಳ್ಳೆಯ ವ್ಯವಸ್ಥೆಯ ನಂಬರು ನಮ್ಮ ಬಸ್ಸುಗಳಲ್ಲಿ ಇಲ್ಲ, ಮೀನು ಮಾರ್ಕೆಟ್ಟಿನಲ್ಲಿ ಇಲ್ಲ, ಅಡಿಕೆ ಸೊಸೈಟಿಗಳಲ್ಲಿ ನಾನು ನೋಡಿಲ್ಲ. ಪಡಿತರ ಅಂಗಡಿಯ ಗೋಡೆಯ ಮೇಲೆ ಬರೆಸಲು ಎಷ್ಟು ಖರ್ಚಾದೀತು?

ಆದರೆ ಟೆಲಿ ಮಾನಸ್ ಮುಖ್ಯವಾಗಿ ಸಹಾಯವಾಣಿ. ಅದು ಕೈ ಹಿಡಿದು ನಿಲ್ಲಿಸುತ್ತದೆ. ವಾರವಾರ ಒಬ್ಬರ ಜೊತೆಗೇ ಕೂತು ಗಂಟು ಬಿಡಿಸುವುದು ಬೇರೆ ಕೆಲಸ. ಖಾಸಗಿಯಾಗಿ ಹೋದರೆ ಒಂದು ಸಲಕ್ಕೆ ಕೆಲವು ನೂರರಿಂದ ಒಂದೆರಡು ಸಾವಿರ ರೂಪಾಯಿ ಆಗುತ್ತದೆ. ದಿನಗೂಲಿಯವರಿಗೆ ಅದು ದೂರದ ಮಾತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಕೆಲಸ ಮಾಡುವ ಸೈಕಾಲಜಿಸ್ಟ್, ಕಾರವಾರದ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇವರೆಲ್ಲ ವಾರದಲ್ಲಿ ಇಷ್ಟು ಹೊತ್ತು ಎಂದು ಈ ಕೋಣೆಗಳಿಗೆ ಆನ್‌ಲೈನ್‌ನಲ್ಲಿ ಸಿಗುವಂತೆ ಮಾಡಿ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ಮೊದಲ ಸಲ ಅಲ್ಲಿ ಎದುರಿಗೆ ಕಂಡು, ಆಮೇಲಿನ ಮಾತುಕತೆ ಊರಿನ ಕೋಣೆಯಿಂದ ಆದರೆ ಜೋಯಿಡಾದವರ ಒಂದು ದಿನದ ಕೂಲಿ ಉಳಿಯುತ್ತದೆ. ಘಟ್ಟದ ರಸ್ತೆ ಮುಚ್ಚಿದ ವಾರವೂ ಚಿಕಿತ್ಸೆ ನಿಲ್ಲುವುದಿಲ್ಲ.

ಜಿಲ್ಲೆ ಮಟ್ಟದಲ್ಲಿ ಮನಸ್ಸಿನ ಆರೈಕೆ ಹೇಗೆ ಮಾಡಬಹುದು ಎಂದು ದೇಶಕ್ಕೆ ತೋರಿಸಿದ್ದು ಕರ್ನಾಟಕವೇ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಮಾಡಿ ತೋರಿಸಿದರು. ಆ ಮಾದರಿ ನೋಡಿಯೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಕಾರ್ಯಕ್ರಮ ಬಂದದ್ದು. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನೂರು ವಯಸ್ಕರಲ್ಲಿ ಹತ್ತಕ್ಕಿಂತ ಸ್ವಲ್ಪ ಜಾಸ್ತಿ ಜನಕ್ಕೆ ಯಾವುದಾದರೂ ಮಾನಸಿಕ ತೊಂದರೆ ಇತ್ತು. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. 2011ರ ಜನಗಣತಿಯಲ್ಲೇ ನಮ್ಮ ಜಿಲ್ಲೆಯಲ್ಲಿ 14 ಲಕ್ಷಕ್ಕೂ ಜಾಸ್ತಿ ಜನ. ಲೆಕ್ಕ ನೀವೇ ಹಾಕಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಕಲಂ 18 ಆರೈಕೆ ಪಡೆಯುವುದು ಹಕ್ಕು ಎನ್ನುತ್ತದೆ, ಕಲಂ 23 ಗುಟ್ಟು ಕಾಪಾಡುವುದೂ ಹಕ್ಕು ಎನ್ನುತ್ತದೆ. ಬಾಗಿಲಿಲ್ಲದೆ ಆ ಎರಡನೆಯ ಹಕ್ಕು ನಮ್ಮ ಹಳ್ಳಿಗಳಲ್ಲಿ ನಡೆಯುವುದು ಹೇಗೆ?

ಇನ್ನೊಂದು ಕೆಲಸ ನಿಮ್ಮಿಂದ ಆಗಬೇಕು. ಯಾರನ್ನು ನಂಬಬೇಕು ಎಂದು ಜನಕ್ಕೆ ತಿಳಿಸಿ. ಇನ್‌ಸ್ಟಾಗ್ರಾಮ್ ತುಂಬ ಈಗ ಕೌನ್ಸೆಲರ್‌ಗಳಿದ್ದಾರೆ. ನಾಲ್ಕು ವಾರದ ಕೋರ್ಸ್ ಮಾಡಿದವರೂ ಇದ್ದಾರೆ. ಏಳು ದಿನದಲ್ಲಿ ಆತಂಕ ವಾಸಿ, ಗಂಡನನ್ನು ಸರಿದಾರಿಗೆ ತರುತ್ತೇವೆ ಎನ್ನುವವರೂ ಇದ್ದಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಅದನ್ನು ಕೇಳಿದರೆ ನಿಜವಾದವರು ಬೇಜಾರು ಮಾಡಿಕೊಳ್ಳುವುದಿಲ್ಲ. ಮನೋವೈದ್ಯರಾದರೆ ವೈದ್ಯಕೀಯ ಪರಿಷತ್ತಿನ ನೋಂದಣಿ. ಮಾತ್ರೆ ಬರೆಯುವ ಅಧಿಕಾರ ವೈದ್ಯರಿಗೆ ಮಾತ್ರ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ನಿಯಮದ ಪ್ರಕಾರ ಕೆಲವು ಮಾತ್ರೆಗಳನ್ನು ಆನ್‌ಲೈನ್‌ನಲ್ಲಿ ಬರೆಯುವಂತೆಯೇ ಇಲ್ಲ. ಆ್ಯಪ್‌ಗಳ ವಿಷಯದಲ್ಲೂ ಎಚ್ಚರ ಬೇಕು. ಅಮೆರಿಕದ ಬೆಟರ್‌ಹೆಲ್ಪ್ ಎಂಬ ದೊಡ್ಡ ಕಂಪನಿ ಜನರ ಆರೋಗ್ಯದ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್‌ನಂಥವರ ಜೊತೆ ಹಂಚಿಕೊಂಡಿತು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತ್ತು. 2023ರಲ್ಲಿ ಆ ಕಂಪನಿ 78 ಲಕ್ಷ ಡಾಲರ್ ಕೊಡಬೇಕಾಯಿತು. ಮಾಹಿತಿ ಎಲ್ಲಿ ಇಡುತ್ತೀರಿ, ರೆಕಾರ್ಡ್ ಮಾಡುತ್ತೀರಾ ಎಂದು ಮೊದಲ ಕಾಲ್‌ನಲ್ಲೇ ಕೇಳುವುದನ್ನು ಜನಕ್ಕೆ ಕಲಿಸಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಕೋಣೆಯೊಳಗೆ ಅಂಟಿಸಿ. ಕೊಂಕಣಿಯಲ್ಲೂ ಒಂದು ಇರಲಿ.

ಎಲ್ಲವೂ ಆನ್‌ಲೈನ್‌ನಲ್ಲಿ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಜೀವ ಬೇಡ ಅನ್ನಿಸಿದವರನ್ನು ಒಬ್ಬರೇ ಕೋಣೆಯಲ್ಲಿ ಕೂರಿಸಬಾರದು. ಜೊತೆಗೆ ಮನುಷ್ಯರು ಬೇಕು, ಆಸ್ಪತ್ರೆ ಬೇಕು, ಆ ಹೊತ್ತಿಗೆ 112 ಬೇಕು. ಇಲ್ಲದ ದನಿ ಕೇಳುವವರನ್ನು, ಕುಡಿತ ಬಿಡಿಸಿದಾಗ ಕೈ ನಡುಗಿ ಮೈಮೇಲೆ ಎಚ್ಚರ ತಪ್ಪುವವರನ್ನು ಡಾಕ್ಟರ್ ಎದುರಿಗೇ ನೋಡಬೇಕು. ಇದನ್ನು ಗುರುತಿಸುವುದು ಹೇಗೆ ಎಂದು ಆಶಾ ಕಾರ್ಯಕರ್ತೆಯರಿಗೆ, ಗ್ರಂಥಾಲಯದ ಮೇಲ್ವಿಚಾರಕರಿಗೆ ಒಂದು ದಿನದ ತರಬೇತಿ ಕೊಡಿ. ಅವರು ಕೌನ್ಸೆಲಿಂಗ್ ಮಾಡುವುದು ಬೇಡ. ಬಾಗಿಲು ತೆರೆದು ಕೊಟ್ಟರೆ, ಆಮೇಲೆ ಬಾಯಿ ಮುಚ್ಚಿಕೊಂಡರೆ ಸಾಕು. ಅವರಿಗೆ ಇದಕ್ಕೆ ಸ್ವಲ್ಪ ಗೌರವಧನವನ್ನೂ ಕೊಡಿ, ಈಗಲೇ ಅವರ ಮೇಲೆ ಹೊರೆ ಜಾಸ್ತಿಯಾಗಿದೆ.

ದೇವಸ್ಥಾನಕ್ಕೆ ಹೋಗಿ ಪ್ರಸಾದ ಕೇಳುವವರನ್ನು ತಡೆಯಿರಿ ಎಂದು ನಾನು ಹೇಳುವುದಿಲ್ಲ. ನನ್ನ ಅಮ್ಮನೂ ಮಾರಿಕಾಂಬೆಗೆ ಹರಕೆ ಹೊತ್ತಿದ್ದಳು. ನಾನು ಹೋಗಿ ಉಡಿ ತುಂಬಿ ಬಂದೆ, ವಾರದ ಕಾಲನ್ನೂ ತಪ್ಪಿಸಲಿಲ್ಲ. ಎರಡಕ್ಕೂ ನಮ್ಮ ಜನರ ಮನಸ್ಸಿನಲ್ಲಿ ಜಾಗ ಇದೆ.

ಒಮ್ಮೆಗೇ ಇಡೀ ಜಿಲ್ಲೆಯಲ್ಲಿ ಆಗುವುದು ಕಷ್ಟ ಎಂದರೆ ಮೂರು ಕಡೆ ಶುರು ಮಾಡಿ. ಜೋಯಿಡಾದ ಕಾಡಿನ ಒಂದು ಪಂಚಾಯತಿ, ಅಂಕೋಲಾದಲ್ಲಿ ಶಿರೂರು-ಉಳುವರೆ ಸುತ್ತಿನ ಒಂದು, ಹೊನ್ನಾವರ ಅಥವಾ ಭಟ್ಕಳದ ಕಡಲ ದಂಡೆಯ ಒಂದು. ಮಳೆಗಾಲ ಶುರುವಾಗುವ ಮೊದಲೇ ಆಗಲಿ, ಯಾಕೆಂದರೆ ನಮ್ಮಲ್ಲಿ ಮನೆಯೊಳಗೆ ಸಿಕ್ಕಿಹಾಕಿಕೊಳ್ಳುವ ತಿಂಗಳುಗಳು ಅವೇ. ಆರು ತಿಂಗಳು ನಡೆಸಿ, ಎಷ್ಟು ಗಂಟೆ ಕೋಣೆ ಬಳಕೆಯಾಯಿತು ಎಂದಷ್ಟೇ ಲೆಕ್ಕ ತೆಗೆಯಿರಿ. ಹೆಸರಿನ ಲೆಕ್ಕ ಬೇಡ.

ನಮ್ಮ ಕಾಲೇಜಿನ ಕೆಲವು ಮೇಷ್ಟ್ರುಗಳು, ಹಳೇ ವಿದ್ಯಾರ್ಥಿಗಳು ಪರದೆ ಹೊಲಿಸಲು, ವೈರು ಎಳೆಯಲು, ಹಾಳೆ ಅಚ್ಚು ಹಾಕಿಸಲು ತಯಾರಿದ್ದೇವೆ. ಯಾವ ಪಂಚಾಯತಿ ಎಂದು ನೀವು ಹೇಳಿದರೆ ಭಾನುವಾರವೇ ಬರುತ್ತೇವೆ.

ಇಂತಿ,
ಕುಮಟಾ ತಾಲ್ಲೂಕಿನ ಒಬ್ಬ ಉಪನ್ಯಾಸಕಿ